ಕಸ್ತೂರೆವ್ವನ ಮಶೇರಿ, ಮಲ್ಲಯ್ಯನ ದಾರಿ

ಮಹಾಲಿಂಗಪುರದ ಅಂಚಿನಲ್ಲಿ, ಕಬ್ಬು ಹಿತ್ತಿಲ ಗೋಡೆಯವರೆಗೂ ಬಂದು ನಿಲ್ಲುವ ಒಂದು ಓಣಿಯಲ್ಲಿ, ತಂಬಾಕಿಗೆ ಒಬ್ಬಳು ಹುಟ್ಟಾ ವೈರಿ ಇದ್ದಾಳೆ. ಅವಳ ಹೆಸರು ಕಸ್ತೂರೆವ್ವ. ಅವಳ ಮನೆಯ ಕಟ್ಟೆಯ ಮೇಲೆ ಕೂತು ಯಾರೂ ಬೀಡಿ ಹಚ್ಚುವಂತಿಲ್ಲ, ಅಂಗೈಗೆ ಸುಣ್ಣ ಹಾಕಿಕೊಂಡು ಎಲೆ ತಿಕ್ಕುವಂತಿಲ್ಲ. ಒಮ್ಮೆ ಬೆಲ್ಲದ ದಲಾಲಿಯೊಬ್ಬ ಮಾತಿನ ಭರದಲ್ಲಿ ಗುಟ್ಕಾ ಚೀಟಿ ಹರಿದು ಬಾಯಿಗೆ ಸುರಿದುಕೊಂಡ. ಕಸ್ತೂರೆವ್ವ ಅವನ ಕೈಯಲ್ಲಿದ್ದ ಚಹಾದ ಕಪ್ಪನ್ನು ಅರ್ಧಕ್ಕೇ ಕಸಿದುಕೊಂಡು, "ಮೊದಲ ಅದನ್ನ ಉಗುಳಿ ಬಾ, ಆಮ್ಯಾಲ ಬೆಲ್ಲದ ಮಾತ" ಎಂದಳು. ಪಾಪ, ಅವನು ಓಣಿಯ ತುದಿಯವರೆಗೂ ನಡೆದುಹೋಗಿ ಉಗುಳಿ ಬಂದ.

ಗಂಡ ಶಿದ್ರಾಮಪ್ಪನೂ ಈ ಕಾಟದಿಂದ ಪಾರಾದವನಲ್ಲ. ಮದುವೆಯಾಗಿ ಬಂದಾಗಲೇ ಅವನ ದವಡೆಯಲ್ಲಿ ತಂಬಾಕಿನ ಉಂಡೆ ಕಾಯಂ ಬಿಡಾರ ಹೂಡಿತ್ತು. ಕಸ್ತೂರೆವ್ವ ಬೈದಳು, ಅತ್ತಳು, ಉಪವಾಸ ಕೂತಳು. ಕೊನೆಗೆ ಅವನು ಶ್ರೀಶೈಲಕ್ಕೆ ನಡೆದುಹೊರಟ ಒಂದು ವರ್ಷ, "ಅದನ್ನ ಮಲ್ಲಯ್ಯನ ಹಂತ್ಯಾಕ ಬಿಟ್ಟ ಬರ್ತೀರೋ, ಇಲ್ಲಾ ನೀವೂ ಅಲ್ಲೇ ಇರ್ತೀರೋ" ಎಂದು ಬಾಗಿಲಿಗೆ ಅಡ್ಡ ನಿಂತಳು. ಅವನು ಬಿಟ್ಟು ಬಂದ. ದೇವರ ಮೇಲೆ ಆಣೆ ಮಾಡಿ ಬಿಟ್ಟದ್ದು ಮತ್ತೆ ಮುಟ್ಟುವಂತಿಲ್ಲ, ಅವನು ಮುಟ್ಟಲೂ ಇಲ್ಲ.

ಇಷ್ಟು ಹೇಳಿ ಇನ್ನೊಂದು ಮಾತು ಹೇಳದಿದ್ದರೆ ಕೇಳುವವರಿಗೆ ಮೋಸ ಮಾಡಿದ ಹಾಗೆ. ಕಸ್ತೂರೆವ್ವನ ಸೊಂಟದ ಚೀಲದಲ್ಲಿ ಒಂದು ಪುಟ್ಟ ತಗಡಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ಮಶೇರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಸುಟ್ಟು, ಕುಟ್ಟಿ, ಜರಡಿ ಹಿಡಿದ ಪುಡಿ. ಅದನ್ನು ಬೆರಳ ತುದಿಗೆ ಹಚ್ಚಿಕೊಂಡು ಹಲ್ಲು ತಿಕ್ಕುವುದು. ಅವಳ ತಾಯಿ ತಿಕ್ಕುತ್ತಿದ್ದಳು, ಅಜ್ಜಿ ತಿಕ್ಕುತ್ತಿದ್ದಳು. ಬೆಳಿಗ್ಗೆ ಎದ್ದಾಗ ಒಂದು ಸಲ, ರೊಟ್ಟಿ ಬಡಿದಾದ ಮೇಲೆ ಒಂದು ಸಲ, ಎಮ್ಮೆ ಕರೆದ ಮೇಲೆ ಒಂದು ಸಲ, ಯಾರಾದರೂ ದೊಡ್ಡವರ ಮುಂದೆ ನಿಲ್ಲಬೇಕಾದರೆ ಮುದ್ದಾಂ ಒಂದು ಸಲ. ಅದನ್ನು ತಂಬಾಕು ಎಂದು ಕಸ್ತೂರೆವ್ವ ಒಂದು ದಿನವೂ ಭಾವಿಸಿದವಳಲ್ಲ. ಸೀಗೆಕಾಯಿ ತಲೆಗೆ, ಮಶೇರಿ ಹಲ್ಲಿಗೆ, ಅಷ್ಟೇ ಲೆಕ್ಕ.

ಅವಳಿಗೆ ಬದುಕಿನಲ್ಲಿ ದೊಡ್ಡ ಕೊರತೆ ಎಂಬುದಿರಲಿಲ್ಲ. ಗಾಣದ ಮನೆ ನಡೆಯುತ್ತಿತ್ತು, ಮಗ ಚಿದಾನಂದ ಪೇಟೆಯಲ್ಲಿ ಬೆಲ್ಲದ ವ್ಯಾಪಾರಕ್ಕೆ ನಿಂತಿದ್ದ, ಸೊಸೆ ಸುವರ್ಣಾ ಬಾಯಿಬಡುಕಿಯಾದರೂ ಕರುಳಿನವಳು. ಒಂದೇ ಒಂದು ಕೊರಗು: ಹೆಣ್ಣು ಹುಟ್ಟಲಿಲ್ಲ. ನಮ್ಮ ಕಡೆಯ ಮಂದಿಗೆ ಶ್ರೀಶೈಲದ ಭ್ರಮರಾಂಬೆ ಈ ಸೀಮೆಯಿಂದ ಕೊಟ್ಟ ಮಗಳು, ಮಲ್ಲಯ್ಯ ಅಳಿಯ. ಹೋಳಿ ಹುಣ್ಣಿಮೆ ಮುಗಿದರೆ ಸಾಕು, ಊರೂರಿನಿಂದ ಮಲ್ಲಯ್ಯನ ಕಂಬಿಯನ್ನು, ಅಂದರೆ ಸಿಂಗರಿಸಿದ ಕಾವಡಿಯನ್ನು, ಹೆಗಲ ಮೇಲೆ ಹೊತ್ತವರ ಹಿಂದೆ ಜನ ನಡೆದುಹೊರಡುತ್ತಾರೆ, ಯುಗಾದಿಗೆ ಮಗಳ ಮನೆ ಮುಟ್ಟಬೇಕು. ಬರಿಗೈಯಲ್ಲಿ ಹೋದರೆ ನಡೆಯುತ್ತದೆಯೇ? ಕಸ್ತೂರೆವ್ವ ಪ್ರತಿ ವರ್ಷ ಬನಹಟ್ಟಿಗೆ ಹೋಗಿ, ಮಗ್ಗದಿಂದ ಇಳಿದ ಸೀರೆಗಳನ್ನು ಹತ್ತು ಸಲ ಮಗುಚಿ, ನೇಕಾರರ ತಲೆ ತಿಂದು, ಒಂದು ಸೀರೆ ಆರಿಸಿ ತಂದು ಗಂಡನ ಗಂಟಿನಲ್ಲಿ ಇಡುತ್ತಿದ್ದಳು. ಅವನು ತಿರುಗಿ ಬಂದಾಗ ಚಪ್ಪಲಿ ಬಿಡುವುದರೊಳಗೆ ಕೇಳುತ್ತಿದ್ದಳು:

"ಸೀರಿ ಉಡಿಸಿದ್ರೇನು? ಹೆಂಗ ಕಂಡ್ಲ?"

"ಗದ್ದಲ ಭಾಳ ಇತ್ತ, ಕಾಣಲಿಲ್ಲ."

ವರ್ಷವೂ ಅದೇ ಉತ್ತರ. ಕಸ್ತೂರೆವ್ವನಿಗೆ ವರ್ಷವೂ ಅದೇ ಸಿಟ್ಟು. "ಅಷ್ಟ ದೂರ ನಡದ ಹೋಗಿ ಮಗಳ ಮುಖಾ ನೋಡದ ಬರ್ತೀರಲ್ಲ, ಕಣ್ಣ ಎಲ್ಲಿ ಇಟ್ಟ ಹೋಗಿದ್ರಿ" ಎಂದು, ಅವನಿಗಾಗಿ ತೆಗೆದಿಟ್ಟ ಯುಗಾದಿಯ ಬೇವು-ಬೆಲ್ಲದ ಜೊತೆಗೆ ಇದನ್ನೂ ತಿನ್ನಿಸುತ್ತಿದ್ದಳು. ತಾನೇ ಒಮ್ಮೆ ನಡೆದು ಹೋಗಬೇಕು, ಮುಂದೆ ನಿಂತು ನೋಡಬೇಕು ಎಂಬ ಆಸೆ ಹೊಟ್ಟೆಯೊಳಗೆ ಬೇರು ಬಿಟ್ಟು ಕೂತಿತ್ತು. ಆದರೆ ಎಮ್ಮೆ ಯಾರು ಕರೆಯಬೇಕು, ಗಾಣದ ಆಳುಗಳಿಗೆ ರೊಟ್ಟಿ ಯಾರು ಬಡಿಯಬೇಕು?

ಈ ಸಲ ಶಿದ್ರಾಮಪ್ಪನ ಮೊಣಕಾಲು ಕೈಕೊಟ್ಟವು. ಸಂಕ್ರಾಂತಿಯ ದಿನ ಅವನೇ ಬಾಯಿಬಿಟ್ಟು, "ಈ ವರ್ಷ ನೀನಽ ಹೋಗ ಬೇ" ಎಂದ. ಕಸ್ತೂರೆವ್ವನ ಕೈಯಲ್ಲಿದ್ದ ಎಳ್ಳಿನ ತಟ್ಟೆ ಅಲ್ಲೇ ನಿಂತಿತು. ಅವಳು ಸೀದಾ ಒಳಗೆ ಹೋಗಿ ಬನಹಟ್ಟಿಗೆ ಹೋಗಲು ಯಾವ ದಿನ ಛಲೋ ಎಂದು ಪಂಚಾಂಗ ನೋಡಲು ಕೂತಳು.

ಅಡ್ಡ ಬಂದವಳು ಸೊಸೆ.

"ಹೋಗಾಕ ಬ್ಯಾಡ ಅನ್ನಂಗಿಲ್ಲರಿ ಅತ್ತಿ. ಒಮ್ಮೆ ಎದಿ ತೋರಿಸಿ ಹೋಗ್ರಿ. ಗಲಗಲಿ ಮಾವಗ ಏನಾತ ನೆನಪ ಐತಿಲ್ಲ?"

ಗಲಗಲಿಯ ಮಾವ ಎಂದರೆ ಕಸ್ತೂರೆವ್ವನ ತಮ್ಮ. ಕೃಷ್ಣೆಯ ದಂಡೆಯಲ್ಲಿ ಹುಟ್ಟಿ ಬೆಳೆದ, ಹೊಳೆಯನ್ನು ಅಡ್ಡ ಈಜುತ್ತಿದ್ದ ಗಟ್ಟಿ ಆಳು. ಒಂದು ದಿನ ಬೆಳಿಗ್ಗೆ ಹೊಲದ ಬದುವಿನ ಮೇಲೆ ಸುಮ್ಮನೆ ಕೂತವನು ಮತ್ತೆ ಏಳಲಿಲ್ಲ. ಅವನ ಹೆಸರು ಬಂದರೆ ಕಸ್ತೂರೆವ್ವನ ಬಾಯಿಗೆ ಬೀಗ ಬೀಳುತ್ತದೆ. ಮರುವಾರ ಅತ್ತೆ-ಸೊಸೆ ಜಮಖಂಡಿಯ ಬಸ್ಸು ಹತ್ತಿದರು.

ಜಮಖಂಡಿಯ ಒಂದು ಆಸ್ಪತ್ರೆಯಲ್ಲಿ ಗಂಗಾಂಬಿಕಾ ಎಂಬ ಹೃದಯದ ಡಾಕ್ಟರು ಹೊಸದೊಂದು ಮಷೀನು ತರಿಸಿದ್ದರು. ಅದನ್ನು ನೋಡಿಕೊಳ್ಳುವವಳು ವೈಶಾಲಿ, ರನ್ನ ಬೆಳಗಲಿಯ ಹುಡುಗಿ. ಅವಳು ಕಸ್ತೂರೆವ್ವನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಎರಡೂ ತೋಳಿಗೆ, ಎರಡೂ ಕಾಲಿನ ಗಿಣ್ಣಿಗೆ ಪಟ್ಟಿ ಸುತ್ತಿದಳು. ಕಸ್ತೂರೆವ್ವನಿಗೆ ತನ್ನನ್ನು ಜಾನುವಾರಿನ ಹಾಗೆ ನಾಲ್ಕೂ ಕಡೆ ಕಟ್ಟಿದರಲ್ಲ ಎನಿಸಿತು.

"ಬೀಡಿ, ತಂಬಾಕ, ಗುಟ್ಕಾ ಏನರೆ ಚಟ ಐತೇನ್ರಿ ಯವ್ವಾ?" ವೈಶಾಲಿ ಕೇಳಿದಳು.

"ನಮ್ಮ ಮನ್ಯಾಗ ಅದರ ಹೆಸರ ಎತ್ತಂಗಿಲ್ಲ" ಎಂದಳು ಕಸ್ತೂರೆವ್ವ, ಮಲಗಿದಲ್ಲೇ ಕತ್ತು ನೆಟ್ಟಗೆ ಮಾಡಿ. ಸೊಸೆಯೂ ತಲೆಯಾಡಿಸಿ ಸಾಕ್ಷಿ ಹೇಳಿದಳು. ಸುಳ್ಳು ಹೇಳಬೇಕೆಂದು ಇಬ್ಬರಲ್ಲಿ ಯಾರಿಗೂ ಇರಲಿಲ್ಲ.

ಪಟ್ಟಿಗಳು ಉಬ್ಬಿದವು, ಬಿಗಿದವು, ಸಡಿಲಾದವು. ಇದು ಏನು ಮಾಡುತ್ತದೆ ಎಂದು ಕಸ್ತೂರೆವ್ವ ಕೇಳದೆ ಬಿಡುವವಳಲ್ಲ.

"ಹೊಲದಾಗ ಮೋಟರ್ ಚಾಲೂ ಮಾಡಿದಾಗ ಪೈಪಿನ್ಯಾಗ ನೀರ ಬರೂದ ನೋಡೀರಲ್ಲ?" ವೈಶಾಲಿ ಹೇಳಿದಳು. "ಮೆತ್ತಗಿನ ಪೈಪ್ ಇದ್ರ ಉಬ್ಬಕೋತ ತಗ್ಗಕೋತ ನಿಧಾನ ಬರತೈತಿ. ಬಿಸಲಾಗ ಬಿದ್ದ ಸೆಟದ ಪೈಪ್ ಇದ್ರ?"

"ಧಡ್ ಅಂತ ಬಂದ ಬಡೀತೈತಿ. ಜೋಡಣಿ ಕಿತ್ತ ಹೋಗ್ತಾವ."

"ರಕ್ತದ ನಾಳಾನೂ ಹಂಗರಿ. ಎದಿ ಬಡದದ್ದು ಕಾಲಿಗೆ ಎಷ್ಟ ಲಗೂ ಮುಟ್ಟತೈತಿ ಅಂತ ಇದು ನೋಡತೈತಿ."

"ಲಗೂ ಮುಟ್ಟಿದ್ರ ಛಲೋ ಅಲ್ಲೇನು?"

"ಇಲ್ರಿ. ಲಗೂ ಮುಟ್ಟಿದ್ರ ನಾಳ ಸೆಟದಾವ ಅಂತ ಅರ್ಥ."

ಕಸ್ತೂರೆವ್ವನ ನಾಳಗಳಲ್ಲಿ ಅದು ಬಹಳ ಲಗೂ, ಬೇಕಾದ್ದಕ್ಕಿಂತ ಬೇಗ ಮುಟ್ಟಿತ್ತು. ಡಾಕ್ಟರು ಕಾಗದ ನೋಡಿ, ಕಸ್ತೂರೆವ್ವನನ್ನು ನೋಡಿ, ಮತ್ತೆ ಕಾಗದ ನೋಡಿದರು. ಅವಳ ವಯಸ್ಸು ಐವತ್ತೇಳು. ಅವಳ ರಕ್ತನಾಳದ ವಯಸ್ಸು ಎಪ್ಪತ್ತೈದು ಎಂದು ಮಷೀನು ಹೇಳುತ್ತಿತ್ತು. ರಕ್ತದೊತ್ತಡವೂ ಮೇಲಿತ್ತು.

"ಇದು ಜಾತಕ ಅಲ್ರಿ, ನಾಳೆ ಏನಾಗತೈತಿ ಅಂತ ಹೇಳಂಗಿಲ್ಲ" ಎಂದರು ಡಾಕ್ಟರು. "ಗಾಡಿ ಯಾ ದಾರಿ ಹಿಡದೈತಿ ಅಂತ ಅಷ್ಟ ಹೇಳತೈತಿ. ಎದಿ ಬ್ಯಾನಿ, ಪಾರ್ಶ್ವವಾಯು, ಇಂಥಾವು ಬರೂ ದಾರಿ ಇದು. ತಮ್ಮನ ಕಥಿನೂ ಹೇಳೀರಿ. ಇದನ್ನ ನೋಡಿ ನಾ ನಿಮ್ಮನ್ನ ಆ ಬಿಸಲಾಗ ಅಷ್ಟ ದೂರ ನಡೀರಿ ಅನ್ನಾಕ ಆಗಂಗಿಲ್ಲ. ಗುಳಿಗಿ ಕೊಡ್ತೇನಿ, ಹದಿನೈದ ದಿನ ಬಿಟ್ಟ ಬರ್ರಿ, ಮತ್ತೊಮ್ಮೆ ನೋಡೂಣು."

ಕಸ್ತೂರೆವ್ವನಿಗೆ ಸಾವಿನ ಭಯ ಅಷ್ಟಿರಲಿಲ್ಲ. ಬನಹಟ್ಟಿಯಿಂದ ತಂದು ಪೆಟ್ಟಿಗೆಯಲ್ಲಿಟ್ಟಿದ್ದ ಹಸಿರು ಸೀರೆ ಕಣ್ಣ ಮುಂದೆ ಬಂತು. ಇದೂ ಯಾರದೋ ಗಂಟಿನಲ್ಲಿ ಹೋಗುತ್ತದೆ, ಯಾರೋ ಬಂದು ಕಾಣಲಿಲ್ಲ ಎನ್ನುತ್ತಾರೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಊರು ಬರುವವರೆಗೂ ತಿರುಗಲಿಲ್ಲ.

ಶಿದ್ರಾಮಪ್ಪ ವಿಷಯ ಕೇಳಿ ಬೆದರಿದ. ಬೆದರಿದ್ದು ಕಾಣಬಾರದೆಂದು ಚೇಷ್ಟೆ ಮಾಡಿದ. "ಹಂಗಾದ್ರ ನೀ ನನಗಿಂತ ದೊಡ್ಡಾಕಿ ಆದಿ. ಇನ್ನ ಮ್ಯಾಲ ನಾನಽ ನಿನ್ನ ಕಾಲಿಗೆ ಬೀಳಬೇಕೇನ?" ಎಂದ. ಕಸ್ತೂರೆವ್ವ ನಗಲಿಲ್ಲ. ಅವನು ಆ ದಿನ ಎಮ್ಮೆಯನ್ನು ತಾನೇ ಕರೆದ.

ಗುಳಿಗೆ ನುಂಗುತ್ತ, ಉಪ್ಪು ಕಡಿಮೆ ಮಾಡುತ್ತ, ಹಪ್ಪಳದ ಡಬ್ಬಿಯನ್ನು ಅಟ್ಟಕ್ಕೆ ಏರಿಸಿ, ಕಸ್ತೂರೆವ್ವ ಹದಿನೈದು ದಿನ ಕಳೆದಳು. ಹೇಳಿದ ದಿನಕ್ಕೆ ಸೊಸೆಯ ಜೊತೆ ಮತ್ತೆ ಜಮಖಂಡಿಗೆ ಬಂದಳು. ಪಾಳಿ ಬರುವುದು ಇನ್ನೂ ತಡವಿತ್ತು. ಆಸ್ಪತ್ರೆಯ ಹಿಂದೆ ಒಂದು ನಳವಿತ್ತು. ಕಸ್ತೂರೆವ್ವ ಅಲ್ಲಿಗೆ ಹೋಗಿ, ಸೊಂಟದ ಚೀಲದಿಂದ ಡಬ್ಬಿ ತೆಗೆದು, ಒಳ್ಳೆಯ ಮಾತು ಕೇಳಬೇಕಾದ ದಿನವಲ್ಲವೇ ಎಂದು ತುಸು ಹೆಚ್ಚೇ ಮಶೇರಿ ಹಚ್ಚಿಕೊಂಡು, ಒಂದೊಂದೇ ಹಲ್ಲನ್ನು ಭಕ್ತಿಯಿಂದ ತಿಕ್ಕತೊಡಗಿದಳು.

ಚಹಾದ ಕಪ್ಪು ತೊಳೆಯಲು ಬಂದ ವೈಶಾಲಿ ನಿಂತಲ್ಲೇ ನಿಂತಳು.

"ಯವ್ವಾ, ಏನ ಮಾಡಾಕತ್ತೀರಿ?"

"ಹಲ್ಲ ತಿಕ್ಕಾಕತ್ತೇನಿ. ಡಾಕ್ಟರ ಮುಂದ ಹೊಲಸ ಬಾಯಿಲೇ ಹೋಗಲೇನು?"

"ಮೊನ್ನಿನೂ ತಿಕ್ಕಿ ಮಷೀನಿಗೆ ಮಲಗಿದ್ರೇನು?"

"ತಿಕ್ಕದ ಬರ್ತೇನೇನು?"

ವೈಶಾಲಿ ಕಪ್ಪನ್ನು ಕಟ್ಟೆಯ ಮೇಲಿಟ್ಟು ಹಣೆಗೆ ಕೈಹಚ್ಚಿಕೊಂಡಳು. ಅವಳ ಅಜ್ಜಿಯೂ ರನ್ನ ಬೆಳಗಲಿಯಲ್ಲಿ ಇದೇ ಪುಡಿ ಸುಡುವವಳು. ಆ ಹೊಗೆಗೆ ಕೆಮ್ಮುತ್ತಲೇ ಬೆಳೆದವಳು ಅವಳು. ಆದರೂ ಕೇಳುವಾಗ ಬೀಡಿ, ಗುಟ್ಕಾ ಎಂದು ಕೇಳಿದ್ದಳೇ ಹೊರತು ಮಶೇರಿಯ ಹೆಸರು ಅವಳ ಬಾಯಿಗೂ ಬಂದಿರಲಿಲ್ಲ. ಕಸ್ತೂರೆವ್ವನ ಕೈ ಹಿಡಿದು ಸೀದಾ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದಳು.

ಡಾಕ್ಟರು ಇದು ತಂಬಾಕು ಎಂದರು. ಕಸ್ತೂರೆವ್ವ ಅಲ್ಲ ಎಂದಳು.

"ಸುಟ್ಟ ಮ್ಯಾಲ ಅದು ತಂಬಾಕ ಎಲ್ಲಿ ಉಳೀತರಿ, ಬೂದಿ ಆತು" ಎಂದು ವಾದಕ್ಕೆ ನಿಂತಳು. "ಸಗಣಿ ಸುಟ್ಟರ ವಿಭೂತಿ ಆಗತೈತಿ. ಹಣಿಗೆ ವಿಭೂತಿ ಹಚ್ಚಿಕೊಂಡಾವ್ರನ್ನ ನೋಡಿ ಸಗಣಿ ಬಳಕೊಂಡಾರ ಅಂತೀರೇನು?"

ಗಂಗಾಂಬಿಕಾ ಡಾಕ್ಟರ ಹಣೆಯ ಮೇಲೂ ಸಣ್ಣಗೆ ವಿಭೂತಿ ಇತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಆಮೇಲೆ ಸಮಾಧಾನದಿಂದಲೇ ಕೇಳಿದರು:

"ವಿಭೂತಿ ಹಚ್ಚದ ಒಂದ ದಿನ ಇದ್ರ ನಿಮಗ ತಲಿ ಸಿಡೀತೈತೇನು?"

"ಇಲ್ಲ."

"ಮಶೇರಿ ತಿಕ್ಕದಿದ್ರ?"

ಕಸ್ತೂರೆವ್ವನ ಕೈ ಸೊಂಟದ ಚೀಲಕ್ಕೆ ಹೋಯಿತು. ಹೋದ ಶ್ರಾವಣದಲ್ಲಿ ಒಂದು ದಿನ ಡಬ್ಬಿ ಮರೆತು ತವರಿಗೆ ಹೋಗಿದ್ದಳು. ಸಂಜೆಯೊಳಗೆ ತಲೆ ಸಿಡಿದು, ಕೈ ನಡುಗಿ, ತಮ್ಮನ ಹೆಂಡತಿಯ ಮೇಲೆ ವಿನಾಕಾರಣ ಹರಿಹಾಯ್ದಿದ್ದಳು. ಹಲ್ಲು ತಿಕ್ಕದಿದ್ದರೆ ತಲೆ ಯಾಕೆ ಸಿಡಿಯಬೇಕು? ಆ ಪ್ರಶ್ನೆ ಈಗ ಮೊದಲ ಸಲ ಎದುರಿಗೆ ಬಂದು ನಿಂತಿತು. ತಮ್ಮನೂ ಇದೇ ತಾಯಿಯ ಡಬ್ಬಿಯಿಂದ ತಿಕ್ಕಿ ಬೆಳೆದವನು ಎಂಬುದು ನೆನಪಾಗಿ ಅವಳಿಗೆ ಕಣ್ಣು ತುಂಬಿ ಬಂತು.

ಡಾಕ್ಟರು ಬಿಡಿಸಿ ಹೇಳಿದರು. ವಸಡಿನಿಂದ ಇಳಿದ ವಿಷ ಆಗಿಂದಾಗಲೇ ನಾಳಗಳನ್ನು ಬಿಗಿಯುತ್ತದೆ. ಅದಕ್ಕೇ ಅಂದು ಅಷ್ಟು ದೊಡ್ಡ ಅಂಕಿ ಬಂದಿದೆ, ಅದರಲ್ಲಿ ಎಷ್ಟು ಖರೆ ಎಷ್ಟು ಮಶೇರಿಯದು ಎಂದು ಈಗ ಹೇಳಲಾಗದು. ಆದರೆ ವರ್ಷಗಟ್ಟಲೆ ಬಿಗಿದದ್ದು ಸೆಟೆದೇ ಸೆಟೆಯುತ್ತದೆ, ಅದೂ ಖರೆ.

ಕಸ್ತೂರೆವ್ವ ಚೌಕಾಶಿಗೆ ಇಳಿದಳು. ಹಾದಿ ಗೊತ್ತಿದ್ದ ಚೌಕಾಶಿ ಅದು: "ಶ್ರೀಶೈಲಕ್ಕ ಹೋಗಿ ಮಲ್ಲಯ್ಯನ ಹಂತ್ಯಾಕ ಬಿಟ್ಟ ಬರ್ತೇನ್ರಿ. ನಮ್ಮ ಮನಿಯವ್ರೂ ಅಲ್ಲೇ ಬಿಟ್ಟಾರ. ಅಲ್ಲೀತನಕಾ ಇರಲಿ."

"ಬಿಡೂದ ಬಿಡ್ತೀರಿ, ಇಲ್ಲೇ ಬಿಟ್ಟ ಹೋಗ್ರಿ" ಎಂದರು ಡಾಕ್ಟರು. "ಬಿಸಲಾಗ ನಡಕೋತ, ಬಾಯಾಗ ಅದನ್ನ ಇಟಗೊಂಡ ಹೋದ್ರ, ಮಲ್ಲಯ್ಯನ ಮುಟ್ಟೂದು ನಂಬಿಗಿ ಇಲ್ಲ. ಹೋಳಿ ಮುಂದ ಬರ್ರಿ. ಅಲ್ಲೀತನಕಾ ಮುಟ್ಟದಿದ್ರ, ಮಷೀನ್ ಒಪ್ಪಿದ್ರ, ಹೋಗ್ರಿ ಅಂತೇನಿ. ಮುಟ್ಟಿದ್ರ ಇಲ್ಲ."

ಮನೆಗೆ ಬರುವಾಗ ಕಸ್ತೂರೆವ್ವನಿಗೆ ರೋಗಕ್ಕಿಂತ ಗಂಡನ ನಗೆಯ ಚಿಂತೆ ದೊಡ್ಡದಾಗಿತ್ತು. ಅದು ತಪ್ಪಲಿಲ್ಲ. ಸುವರ್ಣಾ ಬಾಗಿಲಲ್ಲೇ ಎಲ್ಲ ಒದರಿದಳು. ಶಿದ್ರಾಮಪ್ಪ ಮೊದಲು ಅರ್ಥವಾಗದವನಂತೆ ನೋಡಿದ, ಆಮೇಲೆ ನಗಲು ಶುರುಮಾಡಿದವನು ಕಣ್ಣಲ್ಲಿ ನೀರು ಬಂದು, ಕೆಮ್ಮು ಬಂದು, ಕಂಬ ಹಿಡಿದುಕೊಂಡು ನಕ್ಕ.

"ಬ್ಯಾರೇದಾವ್ರ ತಾಟಿನ್ಯಾಗ ನೊಣ ಹುಡಕಾಕಿ, ತನ್ನ ತಾಟಿನ್ಯಾಗ ಹೆಗ್ಗಣ ಬಿದ್ದದ್ದ ಕಾಣಲಿಲ್ಲ ನೋಡ. ಪಾಪ, ಆ ದಲಾಲಿನ್ನ ಕರಿಸಿ ಒಂದ ಕಪ್ ಚಹಾ ಕುಡಸಬೇಕ."

"ನಗ್ರಿ, ನಗ್ರಿ. ಎಷ್ಟ ವರ್ಷದ್ದ ಬಾಕಿ ಐತಿ, ಎಲ್ಲಾ ನಕ್ಕ ತೀರಿಸ್ರಿ" ಎಂದು ಕಸ್ತೂರೆವ್ವ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟಳು. ಡಬ್ಬಿಯ ಮುಚ್ಚಳ ತೆಗೆದಳು, ಒಮ್ಮೆ ಮೂಸಿದಳು, ಕಣ್ಣು ಮುಚ್ಚಿ ಎಲ್ಲವನ್ನೂ ಒಲೆಗೆ ಸುರಿದಳು. ಒಮ್ಮೆ ಸುಟ್ಟದ್ದು ಮತ್ತೊಮ್ಮೆ ಸುಟ್ಟಿತು.

ಮೊದಲ ವಾರ ಮನೆಯವರಿಗೆಲ್ಲ ಅಗ್ನಿಪರೀಕ್ಷೆ. ಕಸ್ತೂರೆವ್ವ ಸೊಸೆಗೆ ಬೈದಳು, ಎಮ್ಮೆಗೆ ಬೈದಳು, ಬೆಲ್ಲ ಗಟ್ಟಿಯಾಯಿತೆಂದು ಆಳುಗಳಿಗೆ ಬೈದಳು. ಸುಣ್ಣವಿಲ್ಲದ ಅಡಿಕೆ, ಬೇವಿನ ಕಡ್ಡಿ, ಇದ್ದಿಲ ಪುಡಿ ಏನೇನೋ ಅಗಿದು, ತಿಕ್ಕಿ ನೋಡಿದಳು, ಯಾವುದೂ ಮಶೇರಿಯಾಗಲಿಲ್ಲ. ಒಂದು ಮಧ್ಯಾಹ್ನ ಪಕ್ಕದ ಮನೆಯಿಂದ ಮಶೇರಿ ಸುಡುವ ಹೊಗೆ ಬಂತು. ಕಸ್ತೂರೆವ್ವ ಎದ್ದು ಚಪ್ಪಲಿ ಮೆಟ್ಟಿ ಬಾಗಿಲವರೆಗೂ ಹೋದಳು. ಕಟ್ಟೆಯ ಮೇಲೆ ಶಿದ್ರಾಮಪ್ಪ ಕೂತಿದ್ದ. ಅವನು ಅವಳ ಮುಖ ನೋಡಿದ. ಈ ಸಲ ನಗಲಿಲ್ಲ. ಅಂಗಿಯ ಕಿಸೆಯಿಂದ ತನ್ನ ಹಳೆಯ ಸುಣ್ಣದ ಡಬ್ಬಿ ತೆಗೆದು ಅವಳ ಕಡೆ ಚಾಚಿದ.

ಅದರೊಳಗೆ ಸುಣ್ಣವಿರಲಿಲ್ಲ, ಲವಂಗಗಳಿದ್ದವು.

"ಬಿಟ್ಟ ದಿನದಿಂದ ಇಟಗೊಂಡೇನಿ" ಎಂದ. "ಇಚ್ಛಾ ಆದಾಗ ಒಂದ ಬಾಯಾಗ ಹಾಕ್ಕೊಳ್ಳೂದು. ಇಚ್ಛಾ ಹೋಗಂಗಿಲ್ಲ, ಆದ್ರ ಸುಮ್ಮ ಕುಂಡ್ರತೈತಿ."

"ಈಗೂ ಇಚ್ಛಾ ಆಗತೈತೇನು?"

"ದಿನಾ ಆಗತೈತಿ."

ಕಸ್ತೂರೆವ್ವನಿಗೆ ಅದು ಗೊತ್ತೇ ಇರಲಿಲ್ಲ. ಬಿಡಿಸಿದೆನೆಂದು ಓಣಿತುಂಬ ಹೇಳಿಕೊಂಡು ಬಂದವಳು, ಬಿಟ್ಟವನಿಗೆ ಏನಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಅವನ ಪಕ್ಕ ಕೂತಳು. ಹೊಗೆ ಆರುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಡಬ್ಬಿ ಅಂದಿನಿಂದ ಅವಳ ಸೊಂಟದ ಚೀಲ ಸೇರಿತು.

ಹೋಳಿಗೆ ನಾಲ್ಕು ದಿನವಿರುವಾಗ ವೈಶಾಲಿ ಮತ್ತೆ ಪಟ್ಟಿ ಸುತ್ತಿದಳು. ಸುತ್ತುವ ಮೊದಲು, "ಬಾಯಿ ತಗೀರಿ" ಎಂದು ಮೂಸಿ ನೋಡಿದಳು. ಲವಂಗದ ವಾಸನೆ ಮಾತ್ರ ಬಂತು. ಮಷೀನು ಅರವತ್ತಮೂರು ಎಂದಿತು. ಕಸ್ತೂರೆವ್ವನಿಗೆ ಐವತ್ತೇಳು ಬರಲಿಲ್ಲವೆಂದು ಮನಸ್ಸು ಸಣ್ಣಗಾಯಿತು.

"ಅಷ್ಟ ವರ್ಷ ಸೆಟದದ್ದು ಒಂದೂವರಿ ತಿಂಗಳದಾಗ ಪೂರಾ ಮೆತ್ತಗ ಆಗಂಗಿಲ್ಲರಿ" ಎಂದರು ಡಾಕ್ಟರು. ಒತ್ತಡ ಹಿಡಿತಕ್ಕೆ ಬಂದಿತ್ತು, ಹೃದಯದ ಬೇರೆ ಪರೀಕ್ಷೆಗಳೂ ನೆಟ್ಟಗಿದ್ದವು. "ತಂಪ ಹೊತ್ತಿನ್ಯಾಗ ಅಷ್ಟ ನಡೀರಿ, ಬಿಸಲ ಏರಿದ್ರ ಕುಂಡ್ರರಿ, ಗುಳಿಗಿ ತಪ್ಪಸಬ್ಯಾಡ್ರಿ. ಹೋಗಿ ಬರ್ರಿ. ನನ್ನ ಹೆಸರ್ಲೇ ಒಂದ ಕಾಯಿ ಒಡೀರಿ." ಕಸ್ತೂರೆವ್ವನಿಗೆ ಸಂತೋಷ ಎಷ್ಟಾಯಿತೆಂದರೆ, ಡಾಕ್ಟರ ಗಲ್ಲ ಹಿಡಿದು ದೃಷ್ಟಿ ತೆಗೆದು ಬಂದಳು.

ಹಸಿರು ಸೀರೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ಅವಳು ನಡೆದಳು. ಬೆಳಗಿನ ತಂಪಿನಲ್ಲಿ ಎಲ್ಲರಿಗಿಂತ ಮುಂದೆ, ಬಿಸಿಲೇರಿದರೆ ಯಾವುದಾದರೂ ಊರಿನ ಬೇವಿನ ಮರದ ಕೆಳಗೆ. ಮಜ್ಜಿಗೆ ಕೊಟ್ಟವರಿಗೆ ಹರಸಿದಳು, ಉಪ್ಪು ಹೆಚ್ಚಾಗಿದೆ ಎಂದು ಅವರಿಗೇ ಬುದ್ಧಿಯನ್ನೂ ಹೇಳಿದಳು. ಕಾಡಿನ ಏರು ಹತ್ತುವಾಗ ಎದೆಯ ಮೇಲೆ ಕೈಯಿಟ್ಟು, ತಮ್ಮನನ್ನು ನೆನೆದು, ನಿಧಾನ ಹತ್ತಿದಳು.

ಶ್ರೀಶೈಲದಲ್ಲಿ ಜನ ತಮಗೆ ಪ್ರೀತಿಯಾದದ್ದನ್ನು ದೇವರ ಹೆಸರಿನಲ್ಲಿ ಬಿಡುತ್ತಿದ್ದರು. ಒಬ್ಬ ಬೀಡಿ ಬಿಟ್ಟ, ಒಬ್ಬಳು ಬಾಳೆಹಣ್ಣು ಬಿಟ್ಟಳು. ಕಸ್ತೂರೆವ್ವನ ಬಳಿ ಬಿಡಲು ಏನೂ ಉಳಿದಿರಲಿಲ್ಲ. ಭ್ರಮರಾಂಬೆಯ ಬಾಗಿಲಲ್ಲಿ ಸೀರೆಯನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು. ಪೂಜಾರಿ ತೆಗೆದುಕೊಂಡ. ಅವಳು ಕತ್ತು ಉದ್ದ ಮಾಡಿದಳು. ಹಿಂದಿನಿಂದ ಜನ ನೂಕಿದರು, ಮುಂದಿನವನ ಹೆಗಲು ಅಡ್ಡ ಬಂತು, ಕಾವಲಿನವನು "ನಡೀರಿ, ನಡೀರಿ" ಎಂದ. ಕಣ್ಣು ಬಿಟ್ಟು ನೋಡುವುದರೊಳಗೆ ಅವಳು ಹೊರಗೆ ಬಿಸಿಲಿನಲ್ಲಿ ನಿಂತಿದ್ದಳು.

ತಿರುಗಿ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಸುಳ್ಳನ್ನು ಹೊಸೆದಳು: ಹಸಿರು ಸೀರೆ ಹೇಗೆ ಒಪ್ಪಿತ್ತು, ಅಂಚು ಹೇಗೆ ಹೊಳೆಯುತ್ತಿತ್ತು, ಮಗಳು ಹೇಗೆ ನಕ್ಕಂತಿತ್ತು. ಓಣಿ ಮುಟ್ಟುವಷ್ಟರಲ್ಲಿ ಅದು ಬಾಯಿಪಾಠವಾಗಿತ್ತು. ಕಟ್ಟೆಯ ಮೇಲೆ ಶಿದ್ರಾಮಪ್ಪ ಕಾದು ಕೂತಿದ್ದ. ಅವಳು ಚಪ್ಪಲಿ ಬಿಡುವುದರೊಳಗೆ ಕೇಳಿದ:

"ಸೀರಿ ಉಡಿಸಿದ್ರೇನು? ಹೆಂಗ ಕಂಡ್ಲ?"

ಕಸ್ತೂರೆವ್ವ ಅವನ ಮುಖ ನೋಡಿದಳು. ಇಷ್ಟು ವರ್ಷ ಈ ಮನುಷ್ಯ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ. ಹೇಳಿದ್ದರೆ ಎಷ್ಟು ಬೈಗಳು ತಪ್ಪುತ್ತಿದ್ದವು.

"ಗದ್ದಲ ಭಾಳ ಇತ್ತರಿ" ಎಂದಳು. "ಕಾಣಲಿಲ್ಲ."

ಶಿದ್ರಾಮಪ್ಪ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದ. ಅವಳು ಕೂತು, ಸೊಂಟದ ಚೀಲದಿಂದ ಖಾಲಿಯಾದ ಸುಣ್ಣದ ಡಬ್ಬಿ ತೆಗೆದು ಅವನ ಕೈಗಿಟ್ಟಳು.

"ಲವಂಗ ತುಂಬಿ ಇಡ್ರಿ. ಮುಂದಿನ ವರ್ಷ ನೋಡಿ ಬರ್ತೇನಿ."